ತೊಟ್ಟಿಲಿನ ಹೆಸರು ಮತ್ತು ಶರಣೆಯರ ದಾರಿ

ಮನುಷ್ಯನು ಈ ಲೋಕಕ್ಕೆ ಬರುವಾಗ ಹೆಸರನ್ನು ಹೊತ್ತು ತರುವುದಿಲ್ಲ. ಉಸಿರನ್ನು ತರುತ್ತಾನೆ, ಹಸಿವನ್ನು ತರುತ್ತಾನೆ, ಅಳುವನ್ನು ತರುತ್ತಾನೆ; ಹೆಸರನ್ನು ಮಾತ್ರ ಇಲ್ಲಿದ್ದವರು ಕೊಡಬೇಕು. ತಂದೆತಾಯಿಗಳು ಮಗುವಿಗೆ ಕೊಡುವ ಮೊದಲ ಕಾಣಿಕೆ ಹೆಸರೆಂದು ಹಿರಿಯರು ಹೇಳುವುದು ಇದರಿಂದಲೇ. ಕುಲಾವಿ ಚಿಕ್ಕದಾಗುತ್ತದೆ, ತೊಟ್ಟಿಲು ಅಟ್ಟವನ್ನು ಸೇರುತ್ತದೆ, ಕಾಲ್ಗಡಗ ಕರಗಿ ಬೇರೊಂದು ಒಡವೆಯಾಗುತ್ತದೆ. ಹೆಸರು ಮಾತ್ರ ಕೊನೆಯ ಉಸಿರಿನವರೆಗೂ, ಕೆಲವರ ಪಾಲಿಗೆ ಅದರಾಚೆಗೂ ಉಳಿಯುತ್ತದೆ. ಇಂತಹ ಕಾಣಿಕೆಯನ್ನು ಆರಿಸುವಾಗ ಮನೆಮಂದಿ ನಾಲ್ಕು ದಿನ ತಲೆಕೆಡಿಸಿಕೊಂಡರೆ ಅದು ತಪ್ಪಲ್ಲ, ಆ ಕೂಸಿನ ಮೇಲಿನ ಗೌರವವೇ ಸರಿ.

ಇತ್ತೀಚಿನ ವರ್ಷಗಳಲ್ಲಿ ಹೆಣ್ಣುಮಗುವಿಗೆ ಹೆಸರು ಹುಡುಕುವ ತಂದೆತಾಯಿಗಳ ಬೇಡಿಕೆ ಹೆಚ್ಚುಕಡಿಮೆ ಒಂದೇ ಆಗಿದೆ. ಹೆಸರು ಕಿರಿದಾಗಿರಬೇಕು, ಎರಡು ಅಕ್ಷರದ್ದಾದರೆ ಬಹಳ ಒಳ್ಳೆಯದು. ಬೇರೆ ಯಾರ ಮನೆಯಲ್ಲಿಯೂ ಇರಬಾರದು. ಈ ಬೇಡಿಕೆಯ ಹಿಂದೆ ಪ್ರೀತಿಯಿದೆ, ತನ್ನ ಮಗಳು ಗುಂಪಿನಲ್ಲಿ ಒಬ್ಬಳಾಗಿ ಕಳೆದುಹೋಗಬಾರದು ಎಂಬ ಆಸೆಯಿದೆ. ಆದರೆ ಎಲ್ಲರೂ ಒಂದೇ ಬಗೆಯ ಪಟ್ಟಿಗಳಲ್ಲಿ, ಒಂದೇ ಬಗೆಯ ಅಪರೂಪವನ್ನು ಹುಡುಕಿದರೆ ಕೊನೆಗೆ ದೊರೆಯುವುದೂ ಒಂದೇ ಹೆಸರು. ಅಂಗನವಾಡಿಯ ಅಂಗಳದಲ್ಲಿ ನಿಂತು ಕರೆದರೆ ಮೂರು ಕೂಸುಗಳು ಒಟ್ಟಿಗೆ ತಿರುಗಿ ನೋಡುತ್ತವೆ. ಇದು ನಗುವ ಮಾತಾದರೂ, ಹೆಸರಿನ ಅಪರೂಪತೆ ಎಂದರೆ ನಿಜಕ್ಕೂ ಏನು ಎಂಬ ಪ್ರಶ್ನೆಯನ್ನು ಅದು ಮುಂದಿಡುತ್ತದೆ. ಆ ಪ್ರಶ್ನೆಗೆ ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳಲ್ಲಿ ಒಂದು ಉತ್ತರವಿದೆ.

ಮೊದಲು ಒಂದು ಮನೆಯ ಮಾತನ್ನು ನೋಡೋಣ. ಇಂತಹ ಮನೆಗಳು ನಾಡಿನಲ್ಲಿ ನೂರಾರು. ಸೊಸೆಗೆ ಚೊಚ್ಚಲ ಹೆಣ್ಣುಮಗು ಹುಟ್ಟಿದೆ. ಮಗ ಮತ್ತು ಸೊಸೆ ಇಬ್ಬರೂ ಓದಿದವರು, ನಗರದಲ್ಲಿ ನೌಕರಿ ಮಾಡುವವರು. ಅವರ ಕೈಯಲ್ಲಿ ನಾಲ್ವತ್ತು ಹೆಸರುಗಳ ಪಟ್ಟಿಯಿದೆ, ಎಲ್ಲವೂ ಎರಡಕ್ಷರದವು. ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದು ಮನೆತನದ ಪದ್ಧತಿ. ಅಜ್ಜಿಯ ಹೆಸರು ಹಳೆಯದು, ಶಾಲೆಯಲ್ಲಿ ಮಕ್ಕಳು ನಗುತ್ತಾರೆ ಎಂಬುದು ಸೊಸೆಯ ಅಂಜಿಕೆ. ಅದನ್ನು ಬಾಯಿಬಿಟ್ಟು ಹೇಳಿದರೆ ತಾಯಿಯ ಮನಸ್ಸು ನೋಯುತ್ತದೆ ಎಂಬುದು ಮಗನ ಅಂಜಿಕೆ. ಹೀಗೆ ದಿನಗಳು ಕಳೆದವು. ತೊಟ್ಟಿಲ ಕಾರ್ಯ ಮುಂದೆ ಹೋಯಿತು. ಒಂದು ಸಂಜೆ ಅಜ್ಜಿಯೇ ಮಾತು ತೆಗೆದರು.

“ತಮ್ಮಾ, ನೀವಿಬ್ಬರೂ ಯಾಕ ಒದ್ದಾಡಾಕತ್ತೀರಿ ಅಂತ ನನಗ ಗೊತ್ತೈತಿ. ನನ್ನ ಹೆಸರು ಕೂಸಿಗೆ ಇಡಬ್ಯಾಡ್ರಿ.”

“ಹಂಗಲ್ಲವ್ವಾ…” ಎಂದು ಮಗ ತಡವರಿಸಿದ.

“ನಾ ಸಿಟ್ಟಿಗೆದ್ದು ಹೇಳಾಕತ್ತಿಲ್ಲ. ನಾ ನಮ್ಮ ಅಪ್ಪಗ ನಾಕನೇ ಮಗಳು. ಹೆಣ್ಣು ಸಾಕಪ್ಪೋ ಸಾಕು ಅಂತ ಸಾಕವ್ವ ಅಂತ ಕರದ್ರು. ಎಪ್ಪತ್ತು ವರ್ಷ ಆ ಹೆಸರಿಗೆ ಓ ಅಂದೀನಿ. ಈ ಕೂಸಿಗೆ ಸಾಕು ಅನ್ನೋದು ಬ್ಯಾಡ. ಬೇಕು ಅನ್ನೋ ಅಂಥಾ ಹೆಸರು ಇಡ್ರಿ.”

ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ಸೊಸೆಯ ಕೈಯಲ್ಲಿದ್ದ ನಾಲ್ವತ್ತು ಹೆಸರುಗಳ ಪಟ್ಟಿ ಆ ಗಳಿಗೆಯಲ್ಲಿ ಬಹಳ ಹಗುರವಾಗಿ ಕಂಡಿರಬೇಕು. ಕಿರಿದು, ಅಪರೂಪ ಎಂಬೆರಡು ಅಳತೆಗಳನ್ನು ಹಿಡಿದು ಕುಳಿತಿದ್ದವರ ಮುಂದೆ ಓದು ಬರಹ ಬಾರದ ಆ ತಾಯಿ ಮೂರನೆಯ ಅಳತೆಯೊಂದನ್ನು ಇಟ್ಟಿದ್ದರು. ಈ ಹೆಸರು ಮಗುವಿಗೆ ಏನು ಹೇಳುತ್ತದೆ? ನೀನು ಬೇಕಾಗಿದ್ದವಳು ಎಂದು ಹೇಳುತ್ತದೆಯೋ, ಅಲ್ಲವೋ?

ಸಾಕವ್ವ ಎಂಬ ಹೆಸರನ್ನು ಸಾಕಿ ಸಲಹುವವಳು ಎಂಬ ಅರ್ಥದಲ್ಲಿ ಇಟ್ಟವರೂ ಉಂಟು. ಆ ಅರ್ಥದಲ್ಲಿ ಅದು ತಾಯ್ತನದ ಹೆಸರು. ಆದರೆ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದ ಮನೆಗಳಲ್ಲಿ ಅದು ಬೇಸರದ ಹೆಸರಾಗಿಯೂ ಬಳಕೆಯಾಗಿದೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ‘ನಕೋಶಿ’ ಎಂಬ ಹೆಸರಿತ್ತು. ಬೇಡವಾದವಳು ಎಂದು ಅದರ ಅರ್ಥ. 2011ರ ಅಕ್ಟೋಬರ್ ತಿಂಗಳಿನಲ್ಲಿ ಸಾತಾರಾ ಜಿಲ್ಲೆಯ ಆಡಳಿತವು ಅಂತಹ ಹೆಸರನ್ನು ಹೊತ್ತ ಇನ್ನೂರಕ್ಕೂ ಹೆಚ್ಚು ಹುಡುಗಿಯರನ್ನು ಒಂದೆಡೆ ಸೇರಿಸಿ ಹೊಸ ಹೆಸರುಗಳನ್ನು ಕೊಟ್ಟಿತು. ಹೆಸರೊಂದು ಎಷ್ಟು ಭಾರವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಎಲ್ಲ ಒರಟು ಹೆಸರುಗಳೂ ಇಂಥವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಂದು ತಿಪ್ಪಮ್ಮ, ತಿಪ್ಪಣ್ಣ ಎಂದು ಹೆಸರಿಡುತ್ತಿದ್ದರು. ಅದು ತಿರಸ್ಕಾರವಲ್ಲ, ಕೂಸು ಹೇಗಾದರೂ ಉಳಿಯಲಿ ಎಂಬ ತಾಯ ಸಂಕಟ. ಕಿವಿಗೆ ಒರಟಾಗಿ ಕೇಳುವ ಹೆಸರಿನೊಳಗೆ ಪ್ರೀತಿ ಇರಬಹುದು, ಇಂಪಾಗಿ ಕೇಳುವ ಹೆಸರಿನೊಳಗೆ ಏನೂ ಇಲ್ಲದಿರಬಹುದು. ಆದುದರಿಂದ ಹೆಸರನ್ನು ಕಿವಿಯಿಂದ ಮಾತ್ರ ಅಳೆಯಬಾರದು.

ಇನ್ನು ಶರಣೆಯರ ಹೆಸರುಗಳಿಗೆ ಬರೋಣ. ಬಸವಾದಿ ಶರಣರ ಕಾಲದಲ್ಲಿ ಮತ್ತು ಅನಂತರದಲ್ಲಿ ವಚನಗಳನ್ನು ರಚಿಸಿದ ಮೂವತ್ತಕ್ಕೂ ಹೆಚ್ಚು ಶರಣೆಯರ ಹೆಸರುಗಳು ನಮಗೆ ದೊರೆತಿವೆ. ಫ.ಗು. ಹಳಕಟ್ಟಿಯವರಂತಹ ಮಹನೀಯರು ಮನೆಮನೆಗಳ ತಾಳೆಗರಿಯ ಕಟ್ಟುಗಳನ್ನು ಬಿಚ್ಚಿಸಿ ವಚನಗಳನ್ನು ಬೆಳಕಿಗೆ ತರದಿದ್ದರೆ ಈ ಹೆಸರುಗಳಲ್ಲಿ ಎಷ್ಟೋ ಮಣ್ಣುಪಾಲಾಗುತ್ತಿದ್ದವು. 1993ರಲ್ಲಿ ಕರ್ನಾಟಕ ಸರ್ಕಾರವು ಪ್ರಕಟಿಸಿದ ಸಮಗ್ರ ವಚನ ಸಂಪುಟಗಳಲ್ಲಿ ಐದನೆಯದು ಶಿವಶರಣೆಯರಿಗೇ ಮೀಸಲು. ಹೆಣ್ಣುಮಗುವಿಗೆ ಹೆಸರು ಹುಡುಕುವ ಲಿಂಗಾಯತ ಮನೆಯವರು ಆ ಸಂಪುಟದ ಪರಿವಿಡಿಯನ್ನೊಮ್ಮೆ ಓದಿದರೆ ಸಾಕು. ಅಲ್ಲಿರುವಷ್ಟು ಅಪರೂಪದ ಹೆಸರುಗಳು ಯಾವ ಪಟ್ಟಿಯಲ್ಲಿಯೂ ಸಿಗಲಾರವು.

ಕಿರಿದಾದ ಹೆಸರು ಬೇಕೆಂಬವರಿಗೆ ಅಲ್ಲಿ ಕೊರತೆಯಿಲ್ಲ. ಅಲ್ಲಮಪ್ರಭುವಿನೊಡನೆ ಎದುರು ನಿಂತು ಅನುಭಾವದ ಮಾತನಾಡಿದ ಮುಕ್ತಾಯಕ್ಕನ ಹೆಸರಿನಲ್ಲಿ ‘ಮುಕ್ತಾ’ ಇದೆ. ಶಂಭುಜಕ್ಕೇಶ್ವರನನ್ನು ನೆನೆದು ನುಡಿದ ಸತ್ಯಕ್ಕನ ಹೆಸರಿನಲ್ಲಿ ‘ಸತ್ಯಾ’ ಇದೆ. ಬಸವಣ್ಣನವರ ಧರ್ಮಪತ್ನಿ ನೀಲಾಂಬಿಕೆಯವರಲ್ಲಿ ‘ನೀಲಾ’ ಇದೆ. ಜೇಡರ ದಾಸಿಮಯ್ಯನವರ ಮಗ್ಗದ ಮನೆಯ ಬೆಳಕಾಗಿದ್ದ ‘ದುಗ್ಗಳೆ’ ಇದ್ದಾಳೆ. ಆ ಹೆಸರನ್ನು ಕಿರಿದುಗೊಳಿಸುವ ಕೆಲಸವೂ ಬೇಕಿಲ್ಲ. ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದಳೆಂದು ಸಂಪ್ರದಾಯ ಹೇಳುವ ಬೊಂತಾದೇವಿಯ ಮೊದಲ ಹೆಸರು ನಿಜದೇವಿ ಎಂಬ ಪ್ರತೀತಿಯಿದೆ. ‘ನಿಜಾ’ ಎಂದರೆ ಎರಡೇ ಅಕ್ಷರ. ಸತ್ಯ ಎಂಬುದೂ ಅದರ ಅರ್ಥ, ತನ್ನದು ಎಂಬುದೂ ಅದರ ಅರ್ಥ. ವಚನಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಅದು. ಕಿರಿದಾದ ಹೆಸರು ಇಂದಿನ ಹೊಸ ಕಲ್ಪನೆ ಎಂದು ತಿಳಿಯುವುದೇ ತಪ್ಪು. ಉಮೆ, ಗೌರಿ, ಇಳೆ ಮೊದಲಾದವು ಎಷ್ಟು ಹಳೆಯವೋ ಅಷ್ಟೇ ಕಿರಿಯವು.

ಆದರೆ ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಶರಣೆಯರಿಗೆ ಈ ಹೆಸರುಗಳು ಬಂದಾಗ ಅವು ಅಪರೂಪವಾಗಿರಲಿಲ್ಲ. ಬಹುಪಾಲು ಊರಿನ ಸಾಮಾನ್ಯ ಹೆಸರುಗಳೇ. ಲಕ್ಕಮ್ಮ, ರಾಯಮ್ಮ, ಸೋಮಮ್ಮ, ನಾಗಮ್ಮ, ಗುಡ್ಡವ್ವೆ, ರೆಮ್ಮವ್ವೆ, ಕಾಳವ್ವೆ. ಕಾಳವ್ವೆ ಎಂಬ ಹೆಸರಿನವರೇ ಮೂವರಿದ್ದಾರೆ. ಒಬ್ಬರು ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ, ಇನ್ನೊಬ್ಬರು ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ, ಮತ್ತೊಬ್ಬರು ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀ. ರಾಯಮ್ಮ ಇಬ್ಬರು. ಮಹಾದೇವಿಯೂ ಇಬ್ಬರು: ಉಡುತಡಿಯ ಮಹಾದೇವಿಯಕ್ಕ ಮತ್ತು ಮೋಳಿಗೆಯ ಮಹಾದೇವಿ. ಹಾಗಾದರೆ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿದ್ದು ಯಾವುದು? ತೊಟ್ಟಿಲಿನಲ್ಲಿ ಇಟ್ಟ ಹೆಸರಂತೂ ಅಲ್ಲ. ಒಂದು ಕಡೆ ಅವರ ಕಾಯಕ; ಇನ್ನೊಂದು ಕಡೆ ಅವರ ಅಂಕಿತ. ಅಕ್ಕಿಯನ್ನು ಆಯುವ ಕಾಯಕ ಲಕ್ಕಮ್ಮನನ್ನು ಆಯ್ದಕ್ಕಿ ಲಕ್ಕಮ್ಮನನ್ನಾಗಿ ಮಾಡಿತು. ನೂಲುವ ಕದಿರು ರೆಮ್ಮವ್ವೆಯ ಹೆಸರಿನ ಮುಂದೆ ಬಂದು ನಿಂತಿತು. ಭತ್ತ ಕುಟ್ಟುವ ಕೊಟ್ಟಣ ಸೋಮಮ್ಮನ ಗುರುತಾಯಿತು. ವಚನದ ಕೊನೆಯಲ್ಲಿ ಬರುವ ಅಂಕಿತವಂತೂ ಅವರೇ ಆರಿಸಿಕೊಂಡದ್ದು. ತಮ್ಮ ಇಷ್ಟದೈವಕ್ಕೆ ತಾವೇ ಇಟ್ಟ ಹೆಸರು. ತಂದೆತಾಯಿ ಕೊಟ್ಟ ಹೆಸರಿಗೆ ಶರಣೆಯರು ಕಾಯಕದಿಂದ ಒಂದು ಹೆಸರನ್ನೂ ಭಕ್ತಿಯಿಂದ ಒಂದು ಹೆಸರನ್ನೂ ಸೇರಿಸಿಕೊಂಡರು. ಅಪರೂಪತೆ ಹುಟ್ಟಿದ್ದು ಅಲ್ಲಿ.

ಇನ್ನೊಂದು ಸಂಗತಿಯೂ ವಿಚಾರಕ್ಕೆ ಯೋಗ್ಯವಾಗಿದೆ. ಅನೇಕ ಶರಣೆಯರನ್ನು ಪರಂಪರೆಯು ‘ಇಂಥವರ ಪುಣ್ಯಸ್ತ್ರೀ’ ಎಂದೇ ಗುರುತಿಸಿದೆ. ಆ ಕಾಲದ ರೂಢಿ ಹಾಗಿತ್ತು. ಆದರೂ ಆ ಸಾಲಿನ ಕೊನೆಯಲ್ಲಿ ಅವರ ಸ್ವಂತ ಹೆಸರು ತಪ್ಪದೆ ಬರುತ್ತದೆ. ಆಕೆ ವಚನ ಬರೆದಿದ್ದಾಳೆ. ಆದುದರಿಂದ ಹೆಸರಿಲ್ಲದೆ ಆಕೆಯನ್ನು ದಾಖಲಿಸುವುದು ಸಾಧ್ಯವಾಗಲಿಲ್ಲ. ಮದುವೆಯಾದ ಮೇಲೆ ಸೊಸೆಗೆ ಬೇರೆ ಹೆಸರಿಡುವ ಪದ್ಧತಿ ನಮ್ಮ ಕೆಲವು ಮನೆಗಳಲ್ಲಿ ಇತ್ತೀಚಿನವರೆಗೂ ಇತ್ತು. ತವರಿನವರು ಅಕ್ಕರೆಯಿಂದ ಇಟ್ಟ ಹೆಸರು ಅಕ್ಕಿಕಾಳಿನ ದಿನ ಅಳಿಸಿಹೋಗುತ್ತಿತ್ತು. ಮಗಳಿಗೆ ಅಪರೂಪದ ಹೆಸರಿಡಬೇಕೆಂದು ಹಂಬಲಿಸುವವರು ಆ ಹೆಸರು ಆಕೆಯ ಸ್ವತ್ತಾಗಿ ಕೊನೆಯವರೆಗೂ ಉಳಿಯುವಂತೆ ನೋಡಿಕೊಳ್ಳುವ ಸಂಕಲ್ಪವನ್ನೂ ಮಾಡಬೇಕು. ತಮ್ಮ ಮಗಳ ಹೆಸರು ಉಳಿಯಬೇಕೆನ್ನುವವರು ತಮ್ಮ ಸೊಸೆಯ ಹೆಸರನ್ನು ಬದಲಿಸಲಾರರು.

ಹೆಸರಿನ ಅರ್ಥವನ್ನು ಬಾಳು ಹೇಗೆ ಬರೆಯುತ್ತದೆ ಎಂಬುದಕ್ಕೆ ಇಬ್ಬರು ಶರಣೆಯರನ್ನು ನೋಡಬಹುದು. ಲಕ್ಕಮ್ಮ ಎಂದರೆ ಲಕ್ಷ್ಮಿ; ಸಂಪತ್ತಿನ ಅಧಿದೇವತೆಯ ಹೆಸರು. ಆ ಹೆಸರನ್ನು ಹೊತ್ತ ತಾಯಿ ಮಾಡಿದ್ದೇನು? ಗಂಡ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ನಮ್ಮ ದಿನದ ಅಗತ್ಯಕ್ಕೆ ಮೀರಿದ್ದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ತಿರುಗಿ ಕಳುಹಿಸಿದಳು. ಸಂಪತ್ತಿನ ಹೆಸರಿನವಳು ಸಂಗ್ರಹವನ್ನು ಬೇಡವೆಂದಳು. ಅಂದಿನಿಂದ ಲಕ್ಕಮ್ಮ ಎಂದರೆ ಕನ್ನಡಿಗರಿಗೆ ನೆನಪಾಗುವುದು ಹೊನ್ನಲ್ಲ, ಬಡತನದಲ್ಲಿಯೂ ತಲೆಯೆತ್ತಿ ನಿಂತ ಸ್ವಾಭಿಮಾನ. ಇನ್ನು ಸತ್ಯಕ್ಕ. ಲಂಚಕ್ಕೆ ಕೈಯೊಡ್ಡಲಾರೆ, ದಾರಿಯಲ್ಲಿ ಬಿದ್ದಿರುವ ಚಿನ್ನವನ್ನೂ ಮುಟ್ಟಲಾರೆ ಎಂಬ ಆಶಯದ ಪ್ರತಿಜ್ಞೆಯನ್ನು ಆಕೆ ತನ್ನ ವಚನವೊಂದರಲ್ಲಿ ಮಾಡಿದ್ದಾಳೆ. ತಂದೆತಾಯಿ ಸತ್ಯ ಎಂದು ಕರೆದರು. ಆ ಕರೆಗೆ ಆಕೆ ಬಾಳಿನಿಂದ ಓಗೊಟ್ಟಳು. ಒಬ್ಬಳು ತನ್ನ ಹೆಸರಿನ ಅರ್ಥವನ್ನೇ ಬದಲಿಸಿದಳು, ಇನ್ನೊಬ್ಬಳು ಅದನ್ನು ನಿಜ ಮಾಡಿದಳು. ಎರಡೂ ದೊಡ್ಡವೇ.

ಶರಣೆಯರ ಹೆಸರುಗಳ ಪೈಕಿ ನಾವು ಇಂದಿಗೂ ಮುಟ್ಟಲು ಹಿಂಜರಿಯುವ ಒಂದು ಹೆಸರಿದೆ: ಸಂಕವ್ವೆ. ಆಕೆಯ ಹಿಂದಿನ ವೃತ್ತಿಯನ್ನು ಸೂಚಿಸುವ ಮಾತನ್ನು ಪರಂಪರೆ ಆಕೆಯ ಹೆಸರಿಗೆ ಅಂಟಿಸಿಯೇ ಇಟ್ಟಿದೆ. ಆಕೆ ಮಾತ್ರ ನಿರ್ಲಜ್ಜೇಶ್ವರ ಎಂಬ ಅಂಕಿತವನ್ನು ಆರಿಸಿಕೊಂಡು, ಲಜ್ಜೆಗೆ ಒಳಗಾಗಬೇಕಾದವಳು ತಾನಲ್ಲ ಎಂದು ಲೋಕಕ್ಕೆ ಸಾರಿದಳು. ಅಪರೂಪದ ಹೆಸರು ಬೇಕೆನ್ನುವವರಲ್ಲಿ ಎಷ್ಟು ಜನ ಈ ಹೆಸರನ್ನು ತೊಟ್ಟಿಲಿಗೆ ತರುತ್ತಾರೆ? ತರಲೇಬೇಕೆಂಬ ಹಟ ಬೇಡ. ಆದರೆ ಯಾವ ಹೆಸರನ್ನು ಕೇಳಿದಾಗ ನಮಗೆ ನಾಚಿಕೆಯಾಗುತ್ತದೆ, ಏಕೆ ಆಗುತ್ತದೆ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಬಸಮ್ಮ, ನಾಗವ್ವ, ಗುಡ್ಡವ್ವ ಎಂದರೆ ಹಳ್ಳಿಯ ಹೆಸರು ಎಂದು ಮೂಗು ಮುರಿಯುವವರು, ಅದೇ ಹೆಸರಿನ ಶರಣೆಯರಿಗೆ ಗದ್ದುಗೆಯ ಮುಂದೆ ಕೈಮುಗಿಯುತ್ತಾರೆ. ಅಪರೂಪದ ಹೆಸರನ್ನು ಹುಡುಕುವುದು ತಪ್ಪಲ್ಲ. ಹಳೆಯ ಹೆಸರಿಗೆ ನಾಚುವುದು ತಪ್ಪು.

ಜನ್ಮನಕ್ಷತ್ರದ ಅಕ್ಷರದ ವಿಚಾರವೂ ಇಲ್ಲಿ ಬರುತ್ತದೆ. ಇಪ್ಪತ್ತೇಳು ನಕ್ಷತ್ರಗಳು, ಒಂದೊಂದಕ್ಕೆ ನಾಲ್ಕು ಪಾದಗಳು, ಒಟ್ಟು 108 ಅಕ್ಷರಗಳು. ಮಗು ಹುಟ್ಟಿದ ಗಳಿಗೆಗೆ ತಕ್ಕ ಅಕ್ಷರದಿಂದಲೇ ಹೆಸರು ಆರಂಭವಾಗಬೇಕು ಎನ್ನುತ್ತಾರೆ. ಆರಿದ್ರಾ ನಕ್ಷತ್ರದ ಮೂರನೆಯ ಪಾದಕ್ಕೆ ‘ಙ’ ಬರುತ್ತದೆ, ಹಸ್ತಾ ನಕ್ಷತ್ರದ ಮೂರನೆಯ ಪಾದಕ್ಕೆ ‘ಣ’ ಬರುತ್ತದೆ. ಈ ಅಕ್ಷರಗಳಿಂದ ಆರಂಭವಾಗುವ ಹೆಸರು ಕನ್ನಡದಲ್ಲಿ ಎಲ್ಲಿದೆ? ಆಗ ಬೇರೆ ಅಕ್ಷರ ಆದೀತು ಎಂದು ಪಂಚಾಂಗದವರೇ ದಾರಿ ತೋರುತ್ತಾರೆ. ಅಲ್ಲಿ ಬದಲಿಸಬಹುದಾದದ್ದನ್ನು ಇಲ್ಲಿ ಬಿಡಬಹುದೆಂದು ತಿಳಿಯಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಶರಣರು ಕೂಡಿ ಕೇಳಿದ ಗಳಿಗೆಯೇ ಶುಭಗಳಿಗೆ ಎಂಬ ಆಶಯವನ್ನು ಬಸವಣ್ಣನವರು ಬಹಳ ಹಿಂದೆಯೇ ತಿಳಿಸಿದ್ದಾರೆ. ಶರಣಧರ್ಮವು ತಿರಸ್ಕರಿಸಿದ ಐದು ಸೂತಕಗಳಲ್ಲಿ ಜನನಸೂತಕವೂ ಒಂದು. ಹುಟ್ಟೇ ಮೈಲಿಗೆಯಲ್ಲ ಎಂದವರ ಮಕ್ಕಳು, ಹುಟ್ಟಿದ ಗಳಿಗೆ ಕೆಟ್ಟದ್ದೆಂದು ಹೆದರುವುದು ಹೇಗೆ ಸರಿಯಾದೀತು? ಹೆಸರಿಗೆ ಅದೃಷ್ಟ ಕೂಡಿಬರಲೆಂದು ರೋಮನ್ ಲಿಪಿಯಲ್ಲಿ ಒಂದೆರಡು ಅಕ್ಷರಗಳನ್ನು ಹೆಚ್ಚಾಗಿ ಸೇರಿಸುವ ಸಂಖ್ಯಾಶಾಸ್ತ್ರದ ಹಾವಳಿಯೂ ಇದೇ ಜಾತಿಯದು. ಆ ಅಕ್ಷರಗಳಿಂದ ಅದೃಷ್ಟ ಬರುತ್ತದೆಯೋ ಇಲ್ಲವೋ, ಜೀವನಪೂರ್ತಿ ಪ್ರತಿಯೊಂದು ಕಚೇರಿಯಲ್ಲಿಯೂ ಹೆಸರನ್ನು ಬಿಡಿಸಿ ಹೇಳುವ ಕೆಲಸವಂತೂ ಬಂದೇ ಬರುತ್ತದೆ.

ಲೋಕವ್ಯವಹಾರದ ಮಾತುಗಳನ್ನೂ ಒಂದಿಷ್ಟು ಹೇಳುವುದು ಉಚಿತ. ಹೆಸರು ಇನ್ನೂ ನಿಶ್ಚಯವಾಗಿಲ್ಲ, ದಿನ ಕಳೆಯುತ್ತಿದೆ ಎಂಬ ಆತುರದಲ್ಲಿ ಕೈಗೆ ಸಿಕ್ಕ ಹೆಸರನ್ನು ಬರೆಸಿಬಿಡುವವರಿದ್ದಾರೆ. ಆ ಆತುರ ಬೇಕಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನದ ಮಾಹಿತಿಯನ್ನು 21 ದಿನಗಳೊಳಗೆ ಕೊಡಬೇಕು ನಿಜ; ಆದರೆ ಹೆಸರಿಲ್ಲದೆಯೂ ನೋಂದಣಿಯಾಗುತ್ತದೆ. ಅನಂತರ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. ಆ ಮೇಲೆ 15 ವರ್ಷಗಳವರೆಗೆ ಶುಲ್ಕ ತೆತ್ತು ಸೇರಿಸಲು ಅವಕಾಶವಿದೆ. ಒಮ್ಮೆ ಬರೆಸುವಾಗ ಮಾತ್ರ ಎಚ್ಚರ ಬೇಕು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ, ಅಂದಿನಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶದಿಂದ ಹಿಡಿದು ಆಧಾರ್, ಚಾಲನಾ ಪರವಾನಗಿ, ಮದುವೆಯ ನೋಂದಣಿಯವರೆಗೆ ಜನ್ಮದಿನಾಂಕಕ್ಕೂ ಜನ್ಮಸ್ಥಳಕ್ಕೂ ಜನನ ಪ್ರಮಾಣಪತ್ರವೇ ಆಧಾರವಾಗಿದೆ. ಅದರಲ್ಲಿ ಒಂದು ಬಗೆ, ಶಾಲೆಯಲ್ಲಿ ಇನ್ನೊಂದು ಬಗೆ ಬರೆಸಿದರೆ ಮುಂದೆ ತೊಂದರೆ ಪಡುವವಳು ಆ ಮಗುವೇ. ಕಿರಿದಾದ ಹೆಸರಿನ ವಿಷಯದಲ್ಲಿ ಇನ್ನೊಂದು ಎಚ್ಚರವೂ ಬೇಕು. ಕನ್ನಡದಲ್ಲಿ ಹ್ರಸ್ವ ದೀರ್ಘಗಳ ಭೇದ ಸ್ಪಷ್ಟ. ರೋಮನ್ ಲಿಪಿಯಲ್ಲಿ ಅದು ಅಳಿಸಿಹೋಗುತ್ತದೆ. ನಾವು ‘ಕಲಾ’ ಎಂದು ಇಟ್ಟದ್ದನ್ನು ಹೊರನಾಡಿನವರು ‘ಕಾಲಾ’ ಎಂದು ಓದಿದರೆ ಹಿಂದಿಯಲ್ಲಿ ಅದು ಕಪ್ಪು ಎಂದಾಗುತ್ತದೆ. ಉದ್ದ ಹೆಸರು ಒಂದು ಅಕ್ಷರದ ತಪ್ಪನ್ನು ತಾಳಿಕೊಳ್ಳುತ್ತದೆ. ಎರಡಕ್ಷರದ ಹೆಸರಿಗೆ ಆ ಅನುಕೂಲವಿಲ್ಲ. ಹಾಗೆಯೇ ಪಟ್ಟಿಗಳಲ್ಲಿ ಪ್ರತಿಯೊಂದು ಹೆಸರಿನ ಎದುರಿಗೂ ‘ದೇವಿಯ ಹೆಸರು’, ‘ಸಂಸ್ಕೃತ ಪದ’ ಎಂದು ಬರೆದಿರುವುದನ್ನು ನಂಬಿಬಿಡಬಾರದು. ನಿಘಂಟನ್ನು ತೆರೆದು ನೋಡಬೇಕು. ತನ್ನ ಹೆಸರಿನ ಅರ್ಥವೇನು ಎಂದು ಮಗಳು ಒಂದು ದಿನ ಕೇಳಿಯೇ ಕೇಳುತ್ತಾಳೆ. ಆ ದಿನಕ್ಕೆ ಸತ್ಯವಾದ ಉತ್ತರವೊಂದು ತಂದೆತಾಯಿಗಳ ಬಳಿ ಇರಬೇಕು.

ಕನ್ನಡದ ಹೆಸರುಗಳಿಗೆ ಒಂದು ಸೊಗಸಾದ ಗುಣವಿದೆ. ಅವು ಮನುಷ್ಯರೊಡನೆ ಬೆಳೆಯುತ್ತವೆ. ತೊಟ್ಟಿಲಿನಲ್ಲಿ ನೀಲಿ, ಶಾಲೆಯಲ್ಲಿ ನೀಲಾ, ಓಣಿಯಲ್ಲಿ ನೀಲಕ್ಕ, ಮುಪ್ಪಿನಲ್ಲಿ ನೀಲವ್ವ. ಹೆಚ್ಚುತ್ತಿರುವುದು ಅಕ್ಷರ ಮಾತ್ರವಲ್ಲ, ಗೌರವವೂ ಹೆಚ್ಚುತ್ತಿದೆ. ಅಕ್ಕ, ಅವ್ವ, ಅಮ್ಮ ಎಂಬವು ಹೆಸರಿಗೆ ಅಂಟಿಸಿದ ಬಾಲವಲ್ಲ. ಸಮಾಜವು ಆ ಹೆಣ್ಣಿಗೆ ಕೊಡುವ ಎರಡನೆಯ ನಾಮಕರಣ. ಆದುದರಿಂದ ಹೆಸರನ್ನು ಆರಿಸುವಾಗ ಒಂದು ಸುಲಭವಾದ ಪರೀಕ್ಷೆಯನ್ನು ಮಾಡಬಹುದು. ಆ ಹೆಸರಿಗೆ ಅಕ್ಕ ಎಂದು ಸೇರಿಸಿ ಒಮ್ಮೆ ಕೂಗಿ ನೋಡಬೇಕು, ಅವ್ವ ಎಂದು ಸೇರಿಸಿ ಒಮ್ಮೆ ಕೂಗಿ ನೋಡಬೇಕು. ಎರಡೂ ನಾಲಿಗೆಗೆ ಒಗ್ಗಿದರೆ ಆ ಹೆಸರಿಗೆ ಬೆಳೆಯಲು ಜಾಗವಿದೆ ಎಂದರ್ಥ. ಎಂಟು ತಿಂಗಳ ಕೂಸಿಗೆ ಮುದ್ದಾಗಿ ಕೇಳುವ ಹೆಸರು ಎಂಬತ್ತು ವರ್ಷದ ಅಜ್ಜಿಗೂ ಒಪ್ಪಬೇಕು. ಹೆಸರಿಡುವಾಗ ತೊಟ್ಟಿಲಲ್ಲಿ ಮಲಗಿರುವ ಕೂಸು ಮಾತ್ರ ಕಣ್ಣಮುಂದಿದ್ದರೆ ಸಾಲದು. ಮುಂದೊಂದು ದಿನ ಹತ್ತು ಜನರ ನಡುವೆ ನಿಂತು ಮಾತನಾಡುವ ಹೆಣ್ಣೂ ಕಣ್ಣಮುಂದಿರಬೇಕು.

ಮೊದಲು ಹೇಳಿದ ಆ ಮನೆಯಲ್ಲಿ ಕೊನೆಗೆ ಮುಕ್ತಾ ಎಂಬ ಹೆಸರು ನಿಶ್ಚಯವಾಯಿತು. ಸೊಸೆಗೆ ಅದು ಎರಡಕ್ಷರದ್ದೆಂಬ ಸಮಾಧಾನ. ಮಗನಿಗೆ ಅದು ಶರಣೆಯ ಹೆಸರೆಂಬ ಸಮಾಧಾನ. ಕೂಸಿಗೆ ಲಿಂಗಧಾರಣೆಯಾಯಿತು, ವಿಭೂತಿ ಹಚ್ಚಿದರು. ಸೋದರತ್ತೆ ತೊಟ್ಟಿಲ ಬಳಿ ಬಾಗಿ ಕಿವಿಯಲ್ಲಿ ಹೆಸರನ್ನು ಉಸುರಿದಳು. ಸುತ್ತ ನಿಂತ ಹೆಣ್ಣುಮಕ್ಕಳು ರೂಢಿಯಂತೆ ಆಕೆಯ ಬೆನ್ನು ತಟ್ಟಿ ನಕ್ಕರು. ಆಗ ಅಜ್ಜಿ ಕೇಳಿದರು:

“ಏನಂತ ಕರದ್ರಿ? ನನಗ ಕೇಳಿಸಲಿಲ್ಲ.”

“ಮುಕ್ತಾ ಅಂತ, ಅತ್ತಿ,” ಎಂದಳು ಸೊಸೆ. “ಬಿಡುಗಡೆ ಹೊಂದಿದಾಕಿ ಅಂತ ಅರ್ಥ. ಮುತ್ತು ಅಂತನೂ ಆಗತೈತಿ.”

ಅಜ್ಜಿ ತೊಟ್ಟಿಲ ಹಗ್ಗ ಹಿಡಿದು ಒಮ್ಮೆ ತೂಗಿದರು. “ಮುಕ್ತವ್ವಾ,” ಎಂದರು. “ಏ ಮುಕ್ತವ್ವಾ, ಏಳs ನಮ್ಮವ್ವಾ.” ಯಾರೂ ಹೇಳಿಕೊಡದೆ ಆ ತಾಯಿ ಹೆಸರಿನ ಕೊನೆಗೆ ಅವ್ವ ಎಂಬುದನ್ನು ಸೇರಿಸಿದ್ದರು. ತಮಗೆ ಹುಟ್ಟಿದಾಗ ಸಿಗದಿದ್ದ ಸ್ವಾಗತವನ್ನು ಮೊಮ್ಮಗಳಿಗೆ ಅವರು ಎರಡಕ್ಷರದಲ್ಲಿ ಕೊಟ್ಟರು.

ಹೆಸರಿನ ಬಗ್ಗೆ ಕನ್ನಡಿಗರಲ್ಲಿ ಎರಡು ಮಾತುಗಳಿವೆ: ಹೆಸರಿಡುವುದು ಮತ್ತು ಹೆಸರು ಮಾಡುವುದು. ಮೊದಲನೆಯದು ತಂದೆತಾಯಿಗಳ ಕೆಲಸ, ಎರಡನೆಯದು ಮಕ್ಕಳದು. ಮೊದಲನೆಯದಕ್ಕೆ ಒಂದು ದಿನ ಸಾಕು, ಎರಡನೆಯದಕ್ಕೆ ಒಂದು ಬಾಳು ಬೇಕು. ತಂದೆತಾಯಿಗಳು ತಮ್ಮ ಪಾಲಿನ ಕೆಲಸದಲ್ಲಿಯೇ ಎರಡನೆಯದನ್ನೂ ಮಾಡಿ ಮುಗಿಸಲು ಹೊರಟರೆ, ಅಂದರೆ ಹೆಸರಿನಿಂದಲೇ ಮಗಳನ್ನು ಎಲ್ಲರಿಗಿಂತ ಬೇರೆಯಾಗಿಸಲು ಹೊರಟರೆ, ಆಕೆಗೆ ಉಳಿಯುವುದೇನು? ಒಳ್ಳೆಯ ಅರ್ಥವಿರುವ, ಉಚ್ಚರಿಸಲು ಸುಲಭವಾದ, ನೀನು ಬೇಕಾಗಿದ್ದವಳು ಎಂದು ತಿಳಿಸುವ ಹೆಸರೊಂದನ್ನು ಕೊಟ್ಟು, ಹೆಸರು ಮಾಡಲು ಬೇಕಾದ ಓದು, ಧೈರ್ಯ, ಸ್ವಾತಂತ್ರ್ಯಗಳನ್ನು ಒದಗಿಸಿದರೆ ತಂದೆತಾಯಿಗಳ ಹೊಣೆ ಮುಗಿಯಿತು. ಉಳಿದದ್ದನ್ನು ಆಕೆ ನೋಡಿಕೊಳ್ಳುತ್ತಾಳೆ.

ಉಡುತಡಿಯ ತಂದೆತಾಯಿಗಳು ತಮ್ಮ ಮಗಳಿಗೆ ಇಟ್ಟ ಹೆಸರು ಮಹಾದೇವಿ. ನಾಲ್ಕಕ್ಷರದ ಹೆಸರು, ಆ ಕಾಲಕ್ಕೆ ಅಪರೂಪದ್ದೇನೂ ಅಲ್ಲ. ಆ ಮಗಳು ಅರಮನೆಯನ್ನು ತೊರೆದು, ಲೋಕದ ಮಾತನ್ನು ಲೆಕ್ಕಿಸದೆ ಕಲ್ಯಾಣಕ್ಕೆ ನಡೆದು ಬಂದಾಗ, ಅಲ್ಲಿನ ಶರಣರಲ್ಲಿ ಆಕೆಗಿಂತ ಹಿರಿಯರೇ ಹೆಚ್ಚಿದ್ದರು. ಅನುಭವಮಂಟಪದಲ್ಲಿ ಆಕೆಯನ್ನು ಪರೀಕ್ಷಿಸಿದ ಆ ಹಿರಿಯರೇ ಕೊನೆಗೆ ಕಿರಿಯವಳಾದ ಆಕೆಯನ್ನು ಅಕ್ಕ ಎಂದು ಕರೆದರು. ಎಂಟುನೂರು ವರ್ಷಗಳ ಮೇಲಾಯಿತು. ಮನೆಮನೆಯಲ್ಲಿಯೂ ಅಕ್ಕಂದಿರಿದ್ದಾರೆ; ಆದರೂ ಕನ್ನಡದಲ್ಲಿ ಬೇರೇನೂ ಸೇರಿಸದೆ ‘ಅಕ್ಕನ ವಚನ’ ಎಂದರೆ ಅದು ಯಾರದೆಂದು ಯಾರೂ ಕೇಳುವುದಿಲ್ಲ. ಎರಡೇ ಅಕ್ಷರದ ಹೆಸರು, ಇನ್ನೊಬ್ಬರಿಗೆ ಇಲ್ಲದ ಹೆಸರು. ಕಿರಿದೂ ಹೌದು, ಅಪರೂಪವೂ ಹೌದು. ಆದರೆ ಅದನ್ನು ಯಾವ ತಂದೆತಾಯಿಯೂ ತೊಟ್ಟಿಲಲ್ಲಿ ಇಡಲಾರರು. ಅದು ಬಾಳಿ ಪಡೆಯಬೇಕಾದ ಹೆಸರು. ನಮ್ಮ ಮನೆಗಳ ಹೆಣ್ಣುಮಕ್ಕಳು ಯಾವ ಹೆಸರಿನಿಂದಲೇ ಹೊರಡಲಿ, ಆ ಹೆಸರಿನ ಕಡೆಗೆ ನಡೆಯುವ ದಾರಿಯನ್ನು ನಾವು ಮುಚ್ಚದಿರೋಣ.